ಕಥೋಲಿಕ ಶಾಲೆಯ ಗುರುತು ಗೋಡೆಯ ಮೇಲೋ, ದಾಖಲಾತಿ ಪುಸ್ತಕದಲ್ಲೋ?

ಪ್ರಶ್ನೆ: ಕರಾವಳಿಯ ಒಂದು ಅನುದಾನಿತ ಕಥೋಲಿಕ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಈ ಜೂನ್‌ನಿಂದ ಮುಖ್ಯಶಿಕ್ಷಕಿಯ ಹೊಣೆ ಬಂದಿದೆ. ಕನ್ನಡ ಮಾಧ್ಯಮದ ಶಾಲೆ. ಮಕ್ಕಳಲ್ಲಿ ಹೆಚ್ಚಿನವರು ಹಿಂದೂ ಮತ್ತು ಮುಸ್ಲಿಂ ಮನೆಗಳವರು. ಕಥೋಲಿಕ ಮಕ್ಕಳು ಬೆರಳೆಣಿಕೆಯಷ್ಟು. ‘ನಮ್ಮ ಶಾಲೆಯ ಕಥೋಲಿಕ ಗುರುತು ಎದ್ದು ಕಾಣಬೇಕು’ ಎನ್ನುತ್ತಾರೆ ಸಂಚಾಲಕ ಫಾದರ್. ‘ಪ್ರಾರ್ಥನೆ ಜಾಸ್ತಿಯಾದರೆ ನಾಳೆ ದೂರು ಬರುತ್ತದೆ’ ಎಂದು ಸಹಶಿಕ್ಷಕರು ಹೆದರುತ್ತಾರೆ. ಸೇವೆ ಎಂದರೆ ವರ್ಷಕ್ಕೊಮ್ಮೆ ಆಶ್ರಮಕ್ಕೆ ಹೋಗಿ ಹಣ್ಣು ಹಂಚಿ ಬರುವುದಷ್ಟೇ ಆಗಿದೆ. ನನ್ನ ವಿಶ್ವಾಸಕ್ಕೆ ತಕ್ಕಂತೆ ಈ ಶಾಲೆಯನ್ನು ನಡೆಸುವುದು ಹೇಗೆ?

ಉತ್ತರ: ನಿಮ್ಮ ಸಂಚಾಲಕರೂ ಸಹಶಿಕ್ಷಕರೂ ಎದುರುಬದುರು ನಿಂತಂತೆ ಕಂಡರೂ ಇಬ್ಬರೂ ಎಣಿಸುತ್ತಿರುವುದು ಒಂದನ್ನೇ: ಪ್ರಾರ್ಥನೆ ಎಷ್ಟು, ಶಿಲುಬೆ ಎಷ್ಟು, ಪ್ರತಿಮೆ ಎಷ್ಟು. ಒಬ್ಬರಿಗೆ ಅದು ಸಾಲದು, ಇನ್ನೊಬ್ಬರಿಗೆ ಅತಿಯಾಯಿತು. ಆ ಲೆಕ್ಕಕ್ಕೆ ಸಿಕ್ಕಿಕೊಂಡರೆ ಇಬ್ಬರನ್ನೂ ಸಮಾಧಾನ ಮಾಡುವುದರಲ್ಲೇ ನಿಮ್ಮ ವರ್ಷ ಕಳೆದುಹೋಗುತ್ತದೆ. ಕಾನೂನು ನಿಮ್ಮ ಕೈ ಕಟ್ಟದೆ ಬಿಟ್ಟಿರುವ ಕಡೆ ನೀವು ಏನು ತೀರ್ಮಾನ ಮಾಡುತ್ತೀರಿ ಎಂಬುದರಿಂದಲೇ ನಿಮ್ಮ ಶಾಲೆ ಕಥೋಲಿಕವೋ ಅಲ್ಲವೋ ತಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಯಾರಿಗೆ ಸೀಟು ಕೊಟ್ಟಿರಿ, ಯಾರನ್ನು ಹಿಂದಿನ ಬೆಂಚಿಗೆ ದಬ್ಬಿದಿರಿ, ಯಾರ ಸಂಬಳ ಉಳಿಸಿಕೊಂಡಿರಿ ಎಂಬಂಥ ತೀರ್ಮಾನಗಳವು. ಅಲ್ಲಿಗೆ ಬರುವ ಮುನ್ನ ಭಯದ ವಿಷಯ ಮುಗಿಸೋಣ, ಏಕೆಂದರೆ ಹೆದರಿದವರು ಒಳ್ಳೆಯ ತೀರ್ಮಾನ ಮಾಡುವುದು ಅಪರೂಪ.

ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. 28ನೇ ವಿಧಿಯ ಮೊದಲ ಉಪವಿಧಿ, ಪೂರ್ತಿಯಾಗಿ ಸರ್ಕಾರದ ಹಣದಲ್ಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ. ಸರ್ಕಾರ ಶಿಕ್ಷಕರ ಸಂಬಳ ಕೊಟ್ಟು, ಕಟ್ಟಡವನ್ನೂ ದುರಸ್ತಿಯನ್ನೂ ಆಡಳಿತ ಮಂಡಳಿ ನೋಡಿಕೊಳ್ಳುವ ನಿಮ್ಮಂಥ ಅನುದಾನಿತ ಶಾಲೆ ಆ ಸಾಲಿಗೆ ಸೇರುವುದಿಲ್ಲ. ನಿಮಗೆ ಅನ್ವಯಿಸುವುದು ಅದೇ ವಿಧಿಯ ಮೂರನೇ ಉಪವಿಧಿ: ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಯಾರನ್ನೂ ಅವರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೋ ಆರಾಧನೆಗೋ ಸೇರಿಸುವಂತಿಲ್ಲ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ಜೊತೆಗೆ 29ನೇ ವಿಧಿಯ ಪ್ರಕಾರ, ನೆರವು ಪಡೆಯುವ ಶಾಲೆ ಧರ್ಮ, ಜಾತಿ, ಭಾಷೆಯ ಕಾರಣಕ್ಕಷ್ಟೇ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ.

ಒಪ್ಪಿಗೆ ಎಂದರೆ ದಾಖಲಾತಿ ಅರ್ಜಿಯ ಕೊನೆಯ ಪುಟದ ಸಣ್ಣಕ್ಷರದ ಕೆಳಗೆ ಹಾಕಿಸಿಕೊಂಡ ಸಹಿ ಅಲ್ಲ. ಬೇರೆ ಚೀಟಿ ಮಾಡಿ, ತಿಳಿಗನ್ನಡದಲ್ಲಿ ಬರೆಯಿರಿ: ಧರ್ಮೋಪದೇಶದ ತರಗತಿ ಯಾವಾಗ, ಅದು ಯಾರಿಗೆ, ಆ ಹೊತ್ತಿನಲ್ಲಿ ಉಳಿದ ಮಕ್ಕಳು ಏನು ಮಾಡುತ್ತಾರೆ. ಓದಲು ಬಾರದ ತಾಯಿಗೆ ಓದಿ ಹೇಳಿ. ವರ್ಷ ವರ್ಷವೂ ಹೊಸದಾಗಿ ಕೇಳಿ. ಉಳಿದ ಮಕ್ಕಳಿಗೆ ನಡೆಯುವ ಮೌಲ್ಯ ಶಿಕ್ಷಣ ನಿಜವಾದ ಪಾಠವಾಗಿರಲಿ. ಜಗಲಿಯಲ್ಲಿ ಕೈಕಟ್ಟಿ ಕೂರಿಸಿ ‘ಗಲಾಟೆ ಮಾಡಬೇಡಿ’ ಎಂದರೆ ಆ ಮಕ್ಕಳು ಕಲಿಯುವುದು ಹೊರಗಿನವರಾಗಿರುವುದನ್ನು ಮಾತ್ರ.

2022ರಲ್ಲಿ ಕರ್ನಾಟಕದಲ್ಲಿ ಬಂದ ಮತಾಂತರ ಕುರಿತ ಕಾಯ್ದೆ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಕೊಡುವ ಉಚಿತ ಶಿಕ್ಷಣವನ್ನೂ ‘ಆಮಿಷ’ದ ವ್ಯಾಖ್ಯೆಯೊಳಗೆ ತಂದಿತು. ಅದನ್ನು ಕೇಳಿ ಬಡ ಮಗುವಿನ ಸಮವಸ್ತ್ರಕ್ಕೆ ನೆರವಾಗಲೂ ಹಿಂದೆಮುಂದೆ ನೋಡುವವರಿದ್ದಾರೆ. ನೆರವು ನಿಲ್ಲಿಸಬೇಡಿ. ಯಾರಿಗೆ, ಯಾವ ಮಾನದಂಡದ ಮೇಲೆ ಎಂದು ಬರೆದಿಡಿ. ಮಾನದಂಡದಲ್ಲಿ ಧರ್ಮದ ಕಾಲಮ್ಮೇ ಇಲ್ಲದಿರಲಿ. ಆಯ್ಕೆಗೆ ಕೂರುವ ಮೂವರಲ್ಲಿ ಕಥೋಲಿಕರಲ್ಲದ ಶಿಕ್ಷಕರೊಬ್ಬರು ಇರಲಿ.

ಸಂಚಾಲಕರಿಗೆ ಹೇಳಬೇಕಾದದ್ದನ್ನು ಸಂವಿಧಾನದಿಂದ ಹೇಳುವುದಕ್ಕಿಂತ ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಬಾಯಿಂದಲೇ ಹೇಳಿಸುವುದು ಸುಲಭ. ಜಗತ್ತಿನ ಕಥೋಲಿಕ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಕ್ರೈಸ್ತ ಶಿಕ್ಷಣದ ಘೋಷಣೆಯನ್ನೂ ಇತರ ಧರ್ಮಗಳೊಂದಿಗಿನ ಸಂಬಂಧದ ಘೋಷಣೆಯನ್ನೂ ಹೊರಡಿಸಿದ್ದು ಒಂದೇ ದಿನ: 1965ರ ಅಕ್ಟೋಬರ್ 28. ಒಂದನ್ನು ಓದಿ ಇನ್ನೊಂದನ್ನು ಬಿಡುವವರೇ ಹೆಚ್ಚು. ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧವಾಗಿ ಕಥೋಲಿಕ ವಿಶ್ವಾಸ ಸ್ವೀಕರಿಸುವಂತೆ ಎಂದಿಗೂ ಬಲವಂತ ಮಾಡಕೂಡದು ಎಂದು ಧರ್ಮಸಭೆಯ ಕಾನೂನು ಸಂಹಿತೆಯ 748ನೇ ನಿಯಮವೇ ಹೇಳುತ್ತದೆ. 2024ರಲ್ಲಿ ಭಾರತದ ಕಥೋಲಿಕ ಬಿಷಪರ ಮಂಡಳಿ ತನ್ನ ಶಾಲೆಗಳಿಗೆ ಕೊಟ್ಟ ಮಾರ್ಗಸೂಚಿಯಂತೂ ಇನ್ನೂ ನೇರ: ಇತರ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆಗಳನ್ನು ಹೇರಬೇಡಿ, ಬೆಳಗಿನ ಸಭೆಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ, ಸಾಧ್ಯವಾದರೆ ಎಲ್ಲ ಧರ್ಮದವರಿಗೂ ತೆರೆದ ಪ್ರಾರ್ಥನಾ ಕೋಣೆ ಇಡಿ. ಇದರ ಪ್ರತಿಯನ್ನು ಸಂಚಾಲಕರ ಮುಂದಿಡಿ. ಅವರು ಕೇಳುತ್ತಿರುವ ‘ಗುರುತಿನ’ ವ್ಯಾಖ್ಯೆ ಅದರಲ್ಲೇ ಇದೆ.

ಬೆಳಗಿನ ಪ್ರಾರ್ಥನಾ ಸಭೆಗೆ ನನ್ನ ಸಲಹೆ ಚಿಕ್ಕದು. ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್ ಎಂಬ ಫ್ರೆಂಚ್ ಧರ್ಮಗುರು (1651–1719) ಬಡ ಹುಡುಗರಿಗಾಗಿ ಶಾಲೆಗಳನ್ನು ಕಟ್ಟಿದವರು. 1950ರಲ್ಲಿ ಹನ್ನೆರಡನೇ ಪಯಸ್ ಜಗದ್ಗುರುಗಳು (ಪೋಪ್) ಅವರನ್ನು ಶಿಕ್ಷಕರ ಪಾಲಕ ಸಂತರೆಂದು ಘೋಷಿಸಿದರು. ಅವರ ಪರಂಪರೆಯ ಶಾಲೆಗಳಲ್ಲಿ ‘ನಾವು ದೇವರ ಸಾನ್ನಿಧ್ಯದಲ್ಲಿದ್ದೇವೆ ಎಂಬುದನ್ನು ನೆನೆಯೋಣ’ ಎಂದು ಒಬ್ಬರು ಹೇಳಿ ಎಲ್ಲರೂ ಕೆಲ ಕ್ಷಣ ಸುಮ್ಮನಾಗುವ ರೂಢಿ ಇಂದಿಗೂ ಇದೆ. ಒಂದು ವಾಕ್ಯ, ಅರ್ಧ ನಿಮಿಷದ ಮೌನ. ಬ್ಯಾರಿ ಮನೆಯ ಹುಡುಗಿಗೂ ಕೊಂಕಣಿ ಮನೆಯ ಹುಡುಗನಿಗೂ ತುಳು ಮಾತಾಡುವವನಿಗೂ ಇದರಲ್ಲಿ ತಕರಾರಿಲ್ಲ. ನಂತರ ನಾಡಗೀತೆ, ಪೀಠಿಕೆ. ಶಿಲುಬೆಯ ಗುರುತು ಮಾಡುವ ಮಕ್ಕಳು ಮಾಡಲಿ, ಉಳಿದವರನ್ನು ಅತ್ತ ಇತ್ತ ನೋಡಿ ಕೈ ಆಡಿಸುವ ಇಕ್ಕಟ್ಟಿಗೆ ದೂಡಬೇಡಿ. ಏಳು ವರ್ಷದ ಮಗು ಶಿಕ್ಷಕಿ ಮಾಡಿದ್ದನ್ನು ಮಾಡುತ್ತದೆ. ಅದನ್ನು ಒಪ್ಪಿಗೆ ಎಂದು ಎಣಿಸುವುದು ಮೋಸ.

ಇಷ್ಟಾದ ಮೇಲೆ ಆ ಬೆರಳೆಣಿಕೆಯ ಕಥೋಲಿಕ ಮಕ್ಕಳನ್ನು ಮರೆಯುವ ಅಪಾಯವೂ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಸಂಖ್ಯೆ ಇಳಿದ ಶಾಲೆಗಳಲ್ಲಿ ಧರ್ಮೋಪದೇಶದ ಅವಧಿ ವೇಳಾಪಟ್ಟಿಯಲ್ಲಿ ಉಳಿದು, ಆಚರಣೆಯಲ್ಲಿ ಗಣಿತಕ್ಕೆ ಹೋಗಿರುತ್ತದೆ. ಹತ್ತನೇ ಪಯಸ್ ಜಗದ್ಗುರುಗಳು 1910ರಲ್ಲಿ, ತಿಳಿವಳಿಕೆ ಮೂಡುವ ಸುಮಾರು ಏಳರ ವಯಸ್ಸಿನಲ್ಲೇ ಮಕ್ಕಳು ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸಬಹುದು ಎಂದರು. ಹಾಗಾಗಿ ಅದನ್ನು ಮೊದಲ ಬಾರಿ ಸ್ವೀಕರಿಸುವ ಸಿದ್ಧತೆಯ ಕಾಲ ನಿಮ್ಮ ಶಾಲೆಯ ವರ್ಷಗಳೊಳಗೇ ಬೀಳುತ್ತದೆ. ಅದರ ಮುಖ್ಯ ಹೊಣೆ ಮನೆ ಮತ್ತು ಧರ್ಮಕೇಂದ್ರದ್ದು. ಭಾನುವಾರ ಚರ್ಚಿನಲ್ಲಿ ಕಲಿತದ್ದನ್ನೇ ಸೋಮವಾರ ಶಾಲೆಯಲ್ಲಿ ಬಾಯಿಪಾಠ ಮಾಡಿಸಿ ಬೇಸರ ಹುಟ್ಟಿಸಬೇಡಿ. ಶಾಲೆಯ ಅವಧಿಯಲ್ಲಿ ಪ್ರಶ್ನೆಗಳಿಗೆ ಜಾಗ ಕೊಡಿ. ‘ನನ್ನ ಗೆಳೆಯ ಅಬ್ದುಲ್ ಸ್ವರ್ಗಕ್ಕೆ ಹೋಗುತ್ತಾನಾ?’ ಎಂದು ಮೂರನೇ ತರಗತಿಯ ಮಗು ಕೇಳಿಯೇ ಕೇಳುತ್ತದೆ. ಉತ್ತರ ಗೊತ್ತಿಲ್ಲದ ಶಿಕ್ಷಕಿಯನ್ನು ಅಲ್ಲಿ ಕೂರಿಸಬೇಡಿ. ಕೆಳಗೆ ಕೂತು ಕೇಳಿಸಿಕೊಳ್ಳುವವರು ಬೇಕು.

ಮೌಲ್ಯ ಶಿಕ್ಷಣಕ್ಕೆ ಬೈಬಲಿನ ಕತೆಗಳನ್ನು ಬಳಸಲು ಅಳುಕಬೇಕಾಗಿಲ್ಲ, ಪಂಚತಂತ್ರದ ಕತೆ, ವಚನ, ಸೂಫಿಗಳ ಕತೆಗಳ ಜೊತೆಗೇ ಅವೂ ಇರಲಿ. ಆದರೆ ಒಳ್ಳೆಯ ಸಮಾರಿಯದವನ ಕತೆ ಹೇಳುವಾಗ ಒಂದು ಅಂಶ ನುಂಗಬೇಡಿ. ದಾರಿಯಲ್ಲಿ ಬಿದ್ದವನನ್ನು ಕಂಡೂ ಸರಿದುಹೋದವರು ಯೇಸುವಿನ ಸ್ವಂತ ಧರ್ಮದ ಪುರೋಹಿತ ಮತ್ತು ದೇವಾಲಯ ಸೇವಕ. ಎತ್ತಿದವನು ಆ ಕಾಲದ ಯೆಹೂದ್ಯರು ದೂರವಿಟ್ಟಿದ್ದ ಜನಾಂಗದವನು. ‘ಪರರಿಗೆ ಸಹಾಯ ಮಾಡಿ’ ಎಂದಷ್ಟಕ್ಕೆ ಮುಗಿಸಿದರೆ ಕತೆಯ ಹಲ್ಲು ಕಿತ್ತಂತೆ.

ಹಬ್ಬಗಳಲ್ಲಿ ಮೊಂತಿ ಹಬ್ಬ ನಿಮಗೆ ಸಿಕ್ಕಿರುವ ವರ. ಯೇಸುವಿನ ತಾಯಿ ಮರಿಯಮ್ಮನ ಜನನದ ಹಬ್ಬವಾದ ಸೆಪ್ಟೆಂಬರ್ 8ಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಹೂ ತರುತ್ತಾರೆ, ಹಬ್ಬದ ದಿನ ಹೊಸ ತೆನೆ ಮನೆಗೆ ಬಂದು ಹೊಸ ಅಕ್ಕಿಯ ಊಟವಾಗುತ್ತದೆ. ಇದೇ ಊರಿನ ಹಿಂದೂ ಮನೆಗಳಲ್ಲೂ ತೆನೆ ಕಟ್ಟುವುದು, ಹೊಸ ಅಕ್ಕಿ ಊಟ ಇದೆ. ‘ನಿಮ್ಮ ಮನೆಯಲ್ಲಿ ಹೊಸ ತೆನೆಯನ್ನು ಹೇಗೆ ಬರಮಾಡಿಕೊಳ್ಳುತ್ತೀರಿ?’ ಎಂದು ಐದನೇ ತರಗತಿಗೆ ಬರೆಯಲು ಕೊಡಿ. ಗದ್ದೆಯೇ ಇಲ್ಲದ ಮನೆಯ ಮಗು ಅಜ್ಜಿಯನ್ನು ಕೇಳಿಕೊಂಡು ಬರಲಿ. ಪ್ರತಿಮೆಯ ಮುಂದೆ ಹೂ ಇಡುವುದು ಇಷ್ಟವಿದ್ದವರಿಗೆ. ತೆನೆಯ ಕತೆ ಎಲ್ಲರಿಗೆ. ಕ್ರಿಸ್ಮಸ್‌ಗೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಮಾಡುವಾಗಲೂ ಇದೇ ಅಳತೆ ಸಾಕು.

ಈಗ ಸೇವೆ. ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ಆಶ್ರಮಕ್ಕೆ ಮಕ್ಕಳನ್ನು ಸಾಲಾಗಿ ಕರೆದೊಯ್ದು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬಾಳೆಹಣ್ಣು ಕೊಟ್ಟು, ವೃದ್ಧರ ಪಕ್ಕ ನಿಲ್ಲಿಸಿ ಫೋಟೊ ತೆಗೆದು, ಸಂಜೆ ವಾಟ್ಸಾಪ್ ಗುಂಪಿಗೆ ಹಾಕುವುದನ್ನು ಸೇವೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮಗು ಅಲ್ಲಿ ಕಲಿಯುವುದು ‘ಕೊಡುವವರು ನಾವು, ಪಡೆಯುವವರು ಅವರು’ ಎಂಬುದನ್ನು. ಆ ವೃದ್ಧೆಯ ಹೆಸರು ಯಾರಿಗೂ ನೆನಪಿರುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದ ಗುರುವಿನ ಹೆಸರಿನಲ್ಲಿ ನಡೆಯುವ ಶಾಲೆಗೆ ಬ್ಯಾನರ್ ಏಕೆ ಬೇಕು?

ಹೋಗಲೇಬೇಕೆಂದಿದ್ದರೆ ಒಂದೇ ಆಶ್ರಮಕ್ಕೆ, ಅದೇ ಹಿರಿಯರ ಬಳಿಗೆ, ತಿಂಗಳಿಗೊಮ್ಮೆ, ಆರೇಳು ಮಕ್ಕಳನ್ನಷ್ಟೇ ಕಳಿಸಿ. ಹಣ್ಣಿನ ಬದಲು ಪ್ರಶ್ನೆಗಳನ್ನು ಕಟ್ಟಿಕೊಡಿ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಅಜ್ಜಿ, ಹಂಚಿನ ಕಾರ್ಖಾನೆಯಲ್ಲಿ ದುಡಿದ ಅಜ್ಜ ಏಳನೇ ತರಗತಿಯ ಸಮಾಜ ವಿಜ್ಞಾನಕ್ಕೆ ಪಾಠ ಹೇಳಬಲ್ಲರು. ಆಗ ಪಡೆಯುವವರು ನಿಮ್ಮ ಮಕ್ಕಳಾಗುತ್ತಾರೆ.

ಮಕ್ಕಳ ದಾನದ ವಿಷಯದಲ್ಲಿ ಒಂದು ಹಳೆಯ ಮಾದರಿ ಇದೆ. ಫ್ರಾನ್ಸಿನ ನಾನ್ಸಿ ಊರಿನ ಬಿಷಪ್ ಚಾರ್ಲ್ಸ್ ದೆ ಫೊರ್ಬಿನ್ ಜಾನ್ಸನ್ 1843ರಲ್ಲಿ ಮಕ್ಕಳಿಗಾಗಿ ಮಕ್ಕಳದೇ ಒಂದು ಸಂಘ ಆರಂಭಿಸಿದರು. ದಿನಕ್ಕೊಂದು ಚಿಕ್ಕ ಜಪ, ತಿಂಗಳಿಗೊಂದು ಚಿಕ್ಕ ನಾಣ್ಯ. ಇಂದಿಗೂ ಅದು ಪರಿಶುದ್ಧ ಬಾಲ್ಯದ ಸಂಘ ಎಂಬ ಹೆಸರಿನಲ್ಲಿ ಜಗತ್ತಿನ ಹಲವೆಡೆ ಇದೆ. ನಾಣ್ಯ ಚಿಕ್ಕದಾಗಿದ್ದುದೇ ಅದರ ಜಾಣತನ: ಅದನ್ನು ಮಗುವೇ ಉಳಿಸಬಹುದು, ಅಪ್ಪನ ಜೇಬಿಗೆ ಕೈ ಹಾಕಬೇಕಾಗಿಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ನಮ್ಮ ಶಾಲೆಗಳಲ್ಲಿ ಇಡುವ ಉಳಿತಾಯದ ಡಬ್ಬಿ ಕ್ರಮೇಣ ‘ಯಾವ ತರಗತಿ ಹೆಚ್ಚು ಕೂಡಿಸಿತು’ ಎಂಬ ಸ್ಪರ್ಧೆಯಾಗಿಬಿಟ್ಟಿದೆ. ಕೂಲಿಯವರ ಮಗು ಅಲ್ಲಿ ತಲೆ ತಗ್ಗಿಸುತ್ತದೆ. ಡಬ್ಬಿ ಒಂದೇ ಇರಲಿ, ಇಡೀ ಶಾಲೆಗೆ. ತರಗತಿವಾರು ಲೆಕ್ಕ ಓದಬೇಡಿ. ಆ ಹಣ ಎಲ್ಲಿಗೆ ಹೋಗಬೇಕೆಂದು ಏಳನೇ ತರಗತಿಯವರೇ ಚರ್ಚಿಸಿ ತೀರ್ಮಾನಿಸಲಿ, ಹೋದ ಮೇಲೆ ರಸೀದಿ ಸೂಚನಾ ಫಲಕಕ್ಕೆ ಬರಲಿ.

ಆದರೆ ಪ್ರಾಥಮಿಕ ಶಾಲೆಯಲ್ಲಿ ಸೇವೆಯ ನಿಜವಾದ ಜಾಗ ಶಾಲೆಯ ಗೇಟಿನೊಳಗೇ ಇದೆ. ಕರಾವಳಿಯ ಕನ್ನಡ ಮಾಧ್ಯಮ ಶಾಲೆಗಳಿಗೆ ಇಂದು ಬರುತ್ತಿರುವ ಮಕ್ಕಳಲ್ಲಿ ಕಟ್ಟಡ ಕೆಲಸಕ್ಕೆ ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ವಲಸೆ ಬಂದವರ ಮಕ್ಕಳು ಬಹಳ. ಅವರ ಕನ್ನಡ ಕೇಳಿ ಇಲ್ಲಿಯ ಮಕ್ಕಳು ನಗುತ್ತಾರೆ. ನಾಚಿಕೆಯ ಸಂಗತಿ ಎಂದರೆ, ಕೆಲವು ಶಿಕ್ಷಕರೂ ನಗುತ್ತಾರೆ. ಅಂಥ ಮಗು ಬಂದ ದಿನವೇ ಅದಕ್ಕೊಬ್ಬ ಜೊತೆಗಾರನನ್ನು ಗೊತ್ತು ಮಾಡಿ, ನಲ್ಲಿ ಎಲ್ಲಿದೆ, ಬಿಸಿಯೂಟದ ಸಾಲು ಎಲ್ಲಿ, ಬಸ್ಸು ಯಾವುದು ಎಂದು ತೋರಿಸುವ ಕೆಲಸ ಅವನದು. ಓದಲು ತಡವರಿಸುವ ಎರಡನೇ ತರಗತಿಯ ಮಗುವಿನ ಪಕ್ಕ ಆರನೇ ತರಗತಿಯವರೊಬ್ಬರು ಊಟದ ನಂತರ ಕಾಲು ಗಂಟೆ ಕೂರಲಿ. ಇಡೀ ವರ್ಷ ಅದೇ ಜೋಡಿ. ಇದರಿಂದ ಆರನೇ ತರಗತಿಯ ಮಗುವಿನ ಓದೂ ಸುಧಾರಿಸುತ್ತದೆ. ಬಿಸಿಯೂಟಕ್ಕೆ ಶಿಕ್ಷಕರೂ ಮಕ್ಕಳ ಸಾಲಿನಲ್ಲೇ ಕೂತು ಉಣ್ಣಲಿ. ತರಗತಿ ಗುಡಿಸುವ ಸರದಿ ಹುಡುಗ, ಹುಡುಗಿ, ಡಾಕ್ಟರ ಮಗ, ಕೂಲಿಯ ಮಗಳು ಎನ್ನದೆ ಎಲ್ಲರಿಗೂ ಬರಲಿ. ಶೌಚಾಲಯ ತೊಳೆಯುವ ಕೆಲಸ ಮಾತ್ರ ಯಾವ ಮಗುವಿಗೂ ಬೇಡ, ಸೇವೆಯ ಹೆಸರಿನಲ್ಲಂತೂ ಬೇಡವೇ ಬೇಡ. ಅದು ಯಾರ ಮಕ್ಕಳ ಪಾಲಿಗೆ ಬರುತ್ತದೆ ಎಂಬುದು ನಮಗೆಲ್ಲ ಗೊತ್ತಿದೆ.

ಇನ್ನು ಆ ದಾಖಲಾತಿ ಪುಸ್ತಕ. 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಪ್ರಮತಿ ಪ್ರಕರಣದಲ್ಲಿ, 2009ರ ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಸಂಸ್ಥೆಗಳಿಗೆ, ಅನುದಾನಿತವಾದರೂ, ಅನ್ವಯಿಸುವುದಿಲ್ಲ ಎಂದಿತು. 2025ರಲ್ಲಿ ಅದೇ ನ್ಯಾಯಾಲಯದ ದ್ವಿಸದಸ್ಯ ಪೀಠವೊಂದು ಆ ತೀರ್ಪಿನ ಬಗ್ಗೆ ಸಂದೇಹ ಎತ್ತಿ ದೊಡ್ಡ ಪೀಠಕ್ಕೆ ಒಪ್ಪಿಸಬೇಕೆಂದಿದೆ. ನ್ಯಾಯಾಲಯ ಏನೇ ಹೇಳಲಿ, ನಿಮ್ಮ ಮುಂದಿರುವ ಪ್ರಶ್ನೆ ಇಷ್ಟೆ: ಕಾಯ್ದೆಯಿಂದ ಸಿಕ್ಕ ಬಿಡುವನ್ನು ಯಾತಕ್ಕೆ ಬಳಸಿದಿರಿ? ಆ ಕಾಯ್ದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಮಗುವಿಗೆ ಪ್ರವೇಶ ತಡೆಯುವಂತಿಲ್ಲ. ‘ಅದು ನಮಗೆ ಅನ್ವಯಿಸುವುದಿಲ್ಲ’ ಎಂದು ಹೇಳಿ ಆಗಸ್ಟ್‌ನಲ್ಲಿ ಬಂದ ವಲಸೆ ಕುಟುಂಬವನ್ನು ವಾಪಸು ಕಳಿಸಿದ ಶಾಲೆಯ ಗೋಡೆಯ ಮೇಲೆ ಎಷ್ಟು ಶಿಲುಬೆ ಇದ್ದರೇನು? ಅಲ್ಪಸಂಖ್ಯಾತರ ಹಕ್ಕನ್ನು ಶ್ರೀಮಂತರ ಶಾಲೆ ಕಟ್ಟಲು ಬಳಸಿದವರೂ ನಮ್ಮಲ್ಲಿದ್ದಾರೆ. ದೆ ಲಾ ಸಾಲ್ ಅವರು ಓದಿನ ಮೊದಲ ಪಾಠವನ್ನು ಲ್ಯಾಟಿನ್ ಬಿಟ್ಟು ಮಕ್ಕಳ ಮಾತಾದ ಫ್ರೆಂಚಿನಲ್ಲೇ ಕಲಿಸಿದರು, ಬಡವರು ಬೇಗ ಓದಿಕೊಳ್ಳಲಿ ಎಂದು. 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು, 1921ರಲ್ಲಿ ಬೆಂದೂರಿನಲ್ಲಿ ರೇಮಂಡ್ ಮಸ್ಕರೇನ್ಹಸ್ ಧರ್ಮಗುರುಗಳು ಆರಂಭಿಸಿದ ಬೆಥನಿ ಭಗಿನಿಯರು ಹೆಣ್ಣುಮಕ್ಕಳ ಕೈಗೆ ಸ್ಲೇಟು ಕೊಟ್ಟದ್ದು ಇದೇ ನೆಲದಲ್ಲಿ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಉಳಿದಿರುವ ಮಕ್ಕಳೇ ಈ ಊರಿನ ಬಡವರು. ಪಕ್ಕದ ಇಂಗ್ಲಿಷ್ ಮಾಧ್ಯಮ ಕಟ್ಟಡಕ್ಕೆ ಹೊಸ ಬಣ್ಣ ಬಳಿದು ನಿಮ್ಮ ಕಡೆಯ ಮಾಡು ಸೋರುತ್ತಿದ್ದರೆ ಅದನ್ನು ಸಂಚಾಲಕರಿಗೆ ‘ಕಥೋಲಿಕ ಗುರುತಿನ’ ಪ್ರಶ್ನೆಯಾಗಿಯೇ ಎತ್ತಿ ಹೇಳಿ.

ಅಂದ ಹಾಗೆ, ಕಾಯ್ದೆಯ ವಿನಾಯಿತಿ ಬೆತ್ತಕ್ಕೆ ಪರವಾನಗಿ ಅಲ್ಲ. ಮಕ್ಕಳ ಮೇಲಿನ ಕ್ರೌರ್ಯಕ್ಕೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಶಿಕ್ಷೆ ಇದೆ. ‘ನಮ್ಮ ಕಾನ್ವೆಂಟಿನ ಶಿಸ್ತು’ ಎಂದು ಹಳೆಯ ವಿದ್ಯಾರ್ಥಿಗಳು ಹೊಗಳುವುದರಲ್ಲಿ ಅರ್ಧ ಹೊಡೆತದ ನೆನಪು. ಅದಕ್ಕಿಂತ ಗಂಭೀರವಾದದ್ದು ಲೈಂಗಿಕ ದೌರ್ಜನ್ಯ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅಂಥ ಸಂಗತಿ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಅಪರಾಧ. ಆರೋಪಿ ಶಿಕ್ಷಕನಿರಲಿ, ಆಟೊ ಚಾಲಕನಿರಲಿ, ಫಾದರ್ ಇರಲಿ, ‘ಮೊದಲು ಸಂಚಾಲಕರನ್ನು ಕೇಳೋಣ, ಧರ್ಮಪ್ರಾಂತ್ಯಕ್ಕೆ ಕೆಟ್ಟ ಹೆಸರು ಬರುತ್ತದೆ’ ಎಂಬ ಮಾತಿಗೆ ಕಿವಿಗೊಡಬೇಡಿ. 1098 ಎಂಬ ಮಕ್ಕಳ ಸಹಾಯವಾಣಿ ಸಂಖ್ಯೆ ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ, ಕನ್ನಡದಲ್ಲಿ ಬರೆದಿರಲಿ.

ನಿಮ್ಮ ಸಹಶಿಕ್ಷಕರಲ್ಲಿ ಹೆಚ್ಚಿನವರು ಕಥೋಲಿಕರಲ್ಲದಿರಬಹುದು. ಅವರನ್ನು ಚರ್ಚಿನ ಬಲಿಪೂಜೆಗೆ ಕರೆಯುವುದು ಅವರಿಗೆ ಇಷ್ಟವಿದ್ದರೆ ಸರಿ. ಅದಕ್ಕಿಂತ ಮುಂಚೆ ಅವರ ಸಂಬಳದ ಪಟ್ಟಿ ನೋಡಿ. ನಿವೃತ್ತರಾದವರ ಅನುದಾನಿತ ಹುದ್ದೆಗಳು ಭರ್ತಿಯಾಗದೆ, ಆಡಳಿತ ಮಂಡಳಿಯೇ ನೇಮಿಸಿದ ಗೌರವ ಶಿಕ್ಷಕಿಯರ ಮೇಲೆ ಈಗ ಅರ್ಧ ಶಾಲೆ ನಿಂತಿದೆ. ‘ಗೌರವ’ ಹೆಸರಿನಲ್ಲಿದೆ, ಕವರಿನಲ್ಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಆ ಕವರೂ ಇಲ್ಲ. 1891ರಲ್ಲಿ ಹದಿಮೂರನೇ ಲಿಯೋ ಜಗದ್ಗುರುಗಳು ನ್ಯಾಯವಾದ ಕೂಲಿಯ ಬಗ್ಗೆ ಬರೆದ ವಿಶ್ವಪತ್ರವನ್ನು ನಾವು ಕಾರ್ಖಾನೆಗಳಿಗೆ ಮಾತ್ರ ಅನ್ವಯಿಸಿ ಓದುತ್ತೇವೆ. ತಡೆಹಿಡಿದ ಕೂಲಿಯೇ ಕೂಗುತ್ತದೆ ಎಂದು ಬೈಬಲಿನ ಯಕೋಬನ ಪತ್ರದಲ್ಲಿದೆ. ನಿಮಗೆ ಸಂಬಳ ಏರಿಸುವ ಅಧಿಕಾರ ಇಲ್ಲದಿರಬಹುದು. ಆದರೆ ಸಂಬಳ ತಿಂಗಳ ಮೊದಲ ವಾರದಲ್ಲೇ ಕೊಡಬೇಕು, ರಜೆಯ ತಿಂಗಳಿಗೂ ಕೊಡಬೇಕು ಎಂದು ಲಿಖಿತವಾಗಿ ಕೇಳುವ ಅಧಿಕಾರ ಇದೆ. ವಾರ್ಷಿಕೋತ್ಸವದ ವೇದಿಕೆಗೆ ಖರ್ಚಾಗುವ ಹಣದ ಲೆಕ್ಕವನ್ನು ಅದರ ಪಕ್ಕದಲ್ಲೇ ಇಡಿ. ಬಿಸಿಯೂಟದ ಅಡುಗೆಯವರನ್ನೂ ಆಯಾರನ್ನೂ ಮಕ್ಕಳು ಹೆಸರು ಹಿಡಿದು ಕೂಗದೆ ಅಕ್ಕ, ಅಮ್ಮ ಎಂದು ಕರೆಯುವ ರೂಢಿ ನಿಮ್ಮಿಂದಲೇ ಶುರುವಾಗಲಿ.

ನಿಮ್ಮ ಸ್ವಂತ ಪ್ರಾರ್ಥನೆಯ ಬಗ್ಗೆ ನಾನು ಹೇಳುವುದು ಕಡಿಮೆ, ಅದು ನಿಮಗೂ ದೇವರಿಗೂ ಬಿಟ್ಟದ್ದು. ಇಂದಿನ ಜನ ಬೋಧಕರಿಗಿಂತ ಸಾಕ್ಷಿಗಳಿಗೆ ಹೆಚ್ಚು ಕಿವಿಗೊಡುತ್ತಾರೆ ಎಂದು ಆರನೇ ಪೌಲ್ ಜಗದ್ಗುರುಗಳು 1975ರಲ್ಲಿ ಬರೆದರು; ಮಕ್ಕಳಂತೂ ಬೋಧನೆಗೆ ಕಿವಿಗೊಟ್ಟದ್ದೇ ಇಲ್ಲ. ಒಂದು ಅಭ್ಯಾಸ ಮಾತ್ರ ಸೂಚಿಸುತ್ತೇನೆ. ಬೆಳಗ್ಗೆ ಹಾಜರಿ ಪುಸ್ತಕ ತೆರೆದಾಗ ಮೂರು ದಿನದಿಂದ ಬಾರದ ಮಗುವಿನ ಹೆಸರು ಹುಡುಕಿ ಆ ಹೆಸರಿಗಾಗಿ ಪ್ರಾರ್ಥಿಸಿ, ಸಂಜೆ ಆ ಮನೆಗೆ ಫೋನ್ ಮಾಡಿ ಅಥವಾ ಹೋಗಿ.

ಮುಂದಿನ ಸಭೆಯಲ್ಲಿ ಸಂಚಾಲಕರು ಗುರುತಿನ ಮಾತು ಎತ್ತಿದರೆ, ವಾರ್ಷಿಕ ವರದಿಯಲ್ಲಿ ‘ಆಧ್ಯಾತ್ಮಿಕ ಚಟುವಟಿಕೆಗಳು’ ಎಂಬ ಶೀರ್ಷಿಕೆಯಡಿ ಈ ವಿವರಗಳನ್ನೂ ಸೇರಿಸಲು ಅನುಮತಿ ಕೇಳಿ: ವರ್ಷದ ನಡುವೆ ಸೇರಿದ ಮಕ್ಕಳೆಷ್ಟು, ಶಾಲೆ ಬಿಟ್ಟು ಮತ್ತೆ ಬಂದವರೆಷ್ಟು, ಮೂರನೇ ತರಗತಿ ಮುಗಿಯುವಾಗ ಸರಾಗವಾಗಿ ಕನ್ನಡ ಓದಬಲ್ಲವರೆಷ್ಟು, ಗೌರವ ಶಿಕ್ಷಕಿಯರಿಗೆ ಎಷ್ಟು ತಿಂಗಳ ಸಂಬಳ ಸಂದಾಯವಾಯಿತು. ಅವರು ಒಪ್ಪದಿದ್ದರೆ ಆ ವಿವರಗಳನ್ನು ನಿಮ್ಮದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಂಚಾಲಕರು ವರ್ಗವಾಗಿ ಹೋಗುತ್ತಾರೆ, ಹೊಸಬರು ಬರುತ್ತಾರೆ, ಅವರಲ್ಲೊಬ್ಬರು ಕೇಳುತ್ತಾರೆ.